ಪ್ರತಿ ಸಲವೂ ಹೀಗೇ ಆಗುತ್ತಾ?

ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಈ ಮಾತು ಎತ್ತೇ ಎತ್ತುತ್ತಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹಳೇ ಮೇಷ್ಟ್ರು ಸಿಕ್ಕಾಗ. "ಅಷ್ಟು ಚೆನ್ನಾಗಿ ಓದ್ತಿದ್ದೆ. ಎಂ.ಎಸ್ಸಿ ಆದ ಮೇಲೆ ಪಿಎಚ್.ಡಿ ಮಾಡಬಹುದಿತ್ತು. ಸುಮ್ನೆ ಕಂಪನಿ ಸೇರ್ಕೊಂಡೆ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ನನ್ನ ಮೇಲಿನ ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ಆ ಮಾತಿನೊಳಗೆ ಒಂದು ನಂಬಿಕೆ ಇದೆ. ವಿಜ್ಞಾನ ಇರುವುದು ಯೂನಿವರ್ಸಿಟಿಯಲ್ಲಿ, ಕಂಪನಿಯಲ್ಲಿ ಇರುವುದು ಬರೀ ನೌಕರಿ ಅನ್ನೋ ನಂಬಿಕೆ. ಎಂ.ಎಸ್ಸಿ ಓದುವಾಗ ನಾವೂ ಹಾಗೇ ಅಂದುಕೊಂಡಿದ್ದೆವು. ಸಂಶೋಧನೆಗೆ, ಮೇಷ್ಟ್ರ ಕೆಲಸಕ್ಕೆ ಬೇಕಾದ ನೆಟ್ ಪರೀಕ್ಷೆ ಪಾಸಾದವರು ಗೆದ್ದವರು, ಮಿಕ್ಕವರು ಕಂಪನಿಯ ಕ್ಯೂಸಿಗೋ (ಗುಣಮಟ್ಟ ಪರೀಕ್ಷೆಗೋ) ಪ್ರೊಡಕ್ಷನ್‌ಗೋ ಹೋಗುವವರು. ಇವತ್ತಿಗೂ ಹಾಸನ, ಚಿಕ್ಕಮಗಳೂರು ಕಡೆಯಿಂದ ನನಗೆ ಫೋನ್ ಮಾಡುವ ಮಕ್ಕಳ ದನಿಯಲ್ಲಿ ಅದೇ ಅಳುಕು ಕೇಳುತ್ತೆ. "ಅಕ್ಕಾ, ಇಂಡಸ್ಟ್ರಿಗೆ ಹೋದ್ರೆ ಓದಿದ್ದೆಲ್ಲ ವೇಸ್ಟ್ ಆಗಲ್ವಾ?"

ಆಗಲ್ಲ ಅಂತ ಒಂದೇ ಮಾತಿನಲ್ಲಿ ಹೇಳಬಹುದು. ಆದರೆ ಯಾಕೆ ಆಗಲ್ಲ ಅನ್ನೋದನ್ನ ಸರಿಯಾಗಿ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಶುಂಠಿ ಹೊಲದಲ್ಲಿ ಕೇಳಿದ ಪ್ರಶ್ನೆ

ನನ್ನ ಎಂ.ಎಸ್ಸಿ ಪ್ರಾಜೆಕ್ಟ್ ಟ್ರೈಕೋಡರ್ಮಾ ಅನ್ನೋ ಮಣ್ಣಿನ ಶಿಲೀಂಧ್ರದ ಮೇಲೆ. ನಮ್ಮ ಕಡೆ ಲೈಫ್ ಸೈನ್ಸ್ ಓದಿದವರಿಗೆ ಇದು ಗೊತ್ತಿರುವ ಕಥೆಯೇ. ಮಣ್ಣು ತರೋದು, ಅದರಿಂದ ಶಿಲೀಂಧ್ರ ಬೇರ್ಪಡಿಸೋದು, ರೋಗ ತರುವ ಇನ್ನೊಂದು ಸೂಕ್ಷ್ಮಜೀವಿಯ ಎದುರು ಅದನ್ನು ಪ್ಲೇಟಿನಲ್ಲಿ ಇಟ್ಟು ಯಾರು ಗೆಲ್ತಾರೆ ಅಂತ ನೋಡೋದು. ನಾನು ಆರಿಸಿಕೊಂಡದ್ದು ಶುಂಠಿಯ ಗೆಡ್ಡೆ ಕೊಳೆ ರೋಗ. ಮಳೆ ಜೋರಾಗಿ ಹಿಡಿದರೆ, ಹೊಲದಲ್ಲಿ ನೀರು ನಿಂತರೆ ಈ ರೋಗ ತರುವ ಪಿಥಿಯಂ ಮೆತ್ತಗೆ ಶುರುವಾಗುತ್ತೆ. ಮೊದಲು ಎಲೆಯ ತುದಿ ಹಳದಿ, ಆಮೇಲೆ ಇಡೀ ಗಿಡ. ಕೈಯಲ್ಲಿ ಹಿಡಿದು ಎಳೆದರೆ ಕಾಂಡ ಗೆಡ್ಡೆಯಿಂದ ಸಲೀಸಾಗಿ ಕಿತ್ತು ಬರುತ್ತೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯೋಕಾಗಲ್ಲ.

ಆಲೂರಿನ ಕಡೆ ಒಂದು ಹೊಲಕ್ಕೆ ಮಣ್ಣು ತರೋಕೆ ಹೋಗಿದ್ದೆ. ಜಿಟಿಜಿಟಿ ಮಳೆ. ಅರ್ಧ ಪಟ್ಟೆ ಕೊಳೆತು ಹೋಗಿತ್ತು. ಅದರ ನಡುವೆಯೂ ಕೆಲವು ಗಿಡ ಹಸಿರಾಗಿ ನಿಂತಿದ್ದವು. ನನಗೆ ಬೇಕಿದ್ದದ್ದು ಆ ಹಸಿರು ಗಿಡದ ಬುಡದ ಮಣ್ಣು. ಹೊಲದ ಗೌಡರು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡ್ತಿದ್ದರು. "ಏನವ್ವ, ಈ ಮಣ್ಣು ಯಾತಕ್ಕೆ?" ಅಂದರು. ಹೇಳಿದೆ. ಈ ಗಿಡ ಉಳಿದಿದೆ ಅಂದರೆ ಇದರ ಬೇರಿನ ಹತ್ತಿರ ಕಾಯುವ ಜೀವ ಏನಾದರೂ ಇರಬಹುದು, ಅದನ್ನು ಹುಡುಕ್ತಿದ್ದೀನಿ ಗೌಡ್ರೇ ಅಂದೆ. ಅವರು ತಲೆ ಆಡಿಸಿದರು. ಹೋಗುವಾಗ ಒಂದು ಎಳನೀರು ಕೊಟ್ಟು ಕಳಿಸಿದರು.

ಕೆಲವು ವಾರ ಆದ ಮೇಲೆ ಇನ್ನೊಂದು ಸಲ ಮಣ್ಣಿಗೆ ಹೋದಾಗ ಮೊಬೈಲಿನಲ್ಲಿ ಪ್ಲೇಟಿನ ಫೋಟೋ ತೋರಿಸಿದೆ. ಒಂದು ಕಡೆಯಿಂದ ಪಿಥಿಯಂ ಬೆಳ್ಳಗೆ ಹತ್ತಿಯ ಹಾಗೆ ಹಬ್ಬಿಕೊಂಡು ಬಂದಿದೆ. ಇನ್ನೊಂದು ಕಡೆಯಿಂದ ಟ್ರೈಕೋಡರ್ಮಾ ಹಸಿರು ಬೀಜಕಣ ಕಟ್ಟಿಕೊಂಡು ಅದರ ಮೇಲೆ ಹತ್ತಿ ನಿಂತಿದೆ. ನನಗಂತೂ ಹಿಗ್ಗು. ಗೌಡರು ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚೆನ್ನಾಗೈತೆ ಕಣವ್ವ. ನನ್ನ ಹೊಲಕ್ಕೆ ಹಾಕಿದ್ರೂ ಹಿಂಗೇ ಆಗ್ತದಾ? ಪ್ರತಿ ಸಲಾನೂ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಾಜೆಕ್ಟ್ ಆ ಪ್ರಶ್ನೆಗೆ ಮಾಡಿದ್ದೇ ಅಲ್ಲ. ನಾವು ಟ್ರಿಪ್ಲಿಕೇಟ್ ಅಂತ ಮೂರು ಮೂರು ಪ್ಲೇಟ್ ಹಾಕಿ, ಸರಾಸರಿ ತೆಗೆದು, ಗ್ರಾಫ್ ಬರೆದು ಮುಗಿಸುತ್ತೇವೆ. ಹೀಗೆ ಆಗಬಹುದು ಅಂತ ತೋರಿಸೋದು ಅದರ ಕೆಲಸ, ಅದು ಸಣ್ಣ ಕೆಲಸವೂ ಅಲ್ಲ. ಆದರೆ ಗೌಡರು ಕೇಳಿದ್ದು ಬೇರೆ. ಆ ಶಿಲೀಂಧ್ರವನ್ನು ಕ್ವಿಂಟಾಲ್‌ಗಟ್ಟಲೆ ಬೆಳೆಸಬೇಕು. ಟಾಲ್ಕ್ ಪುಡಿಯಲ್ಲಿ ಕಲಸಿ ಪ್ಯಾಕೆಟ್ ಮಾಡಬೇಕು. ಒಂದು ಗ್ರಾಂ ಪುಡಿಯಲ್ಲಿ ಕಡೇ ಪಕ್ಷ 20 ಲಕ್ಷ ಜೀವಂತ ಕಣ ಇರಬೇಕು. ಅಂಗಡಿಯ ಶೆಲ್ಫಿನಲ್ಲಿ ಬೇಸಿಗೆಯ ಶೆಕೆಗೆ ಆ ಸಂಖ್ಯೆ ಇಳಿಯುತ್ತೆ. ಹೀಗೆ ಇಳಿದರೂ, ಮೇಲೆ ಬರೆದ ತಾರೀಖಿನವರೆಗೆ ಪ್ಯಾಕೆಟ್‌ನೊಳಗಿನ ಲೆಕ್ಕ ಆ ಗೆರೆಗಿಂತ ಕೆಳಗೆ ಹೋಗಬಾರದು. ಈ ವರ್ಷ ಕೊಂಡದ್ದೂ ಮುಂದಿನ ವರ್ಷ ಕೊಂಡದ್ದೂ ಒಂದೇ ಥರ ಇರಬೇಕು. ಇಷ್ಟೆಲ್ಲ ಆದ ಮೇಲೆ "ಪ್ರತಿ ಸಲಾನೂ" ಅನ್ನೋ ಮಾತಿಗೆ ಕೈ ಹಾಕಬಹುದು.

ಆಗ ನನಗೆ ಗೊತ್ತಿರಲಿಲ್ಲ, ಈ ಪ್ರಶ್ನೆಗಾಗಿಯೇ ಒಂದು ಇಡೀ ಉದ್ಯಮ ನಿಂತಿದೆ ಅಂತ. ಬೆಂಗಳೂರಿನ ಬಯೋಟೆಕ್ ಕಥೆ ಶುರುವಾಗೋದೂ ಇಲ್ಲಿಂದಲೇ. 1978ರಲ್ಲಿ ಇಲ್ಲಿ ಬಯೋಕಾನ್ ಕಂಪನಿ ಶುರುವಾದಾಗ ಮೊದಲು ಮಾಡಿದ್ದರಲ್ಲಿ ಪಪೈನ್ ಅನ್ನೋ ಕಿಣ್ವವೂ ಒಂದು. ಪರಂಗಿಕಾಯಿ ಗೀರಿದರೆ ಒಸರುವ ಹಾಲಿನಿಂದ ತೆಗೆಯೋದು. ಪರಂಗಿ ಹಾಲಿನಲ್ಲಿ ಕಿಣ್ವ ಇದೆ ಅಂತ ಕಂಡುಹಿಡಿದವರು ಬೇರೆ ಯಾರೋ, ಬಹಳ ಹಿಂದೆಯೇ. ಕಂಪನಿಯ ಕೆಲಸ, ಹೋದ ತಿಂಗಳ ಡ್ರಮ್ಮಿನಲ್ಲಿದ್ದ ಶಕ್ತಿ ಈ ತಿಂಗಳ ಡ್ರಮ್ಮಿನಲ್ಲೂ ಇರುವ ಹಾಗೆ ನೋಡಿಕೊಳ್ಳೋದು. ಗಿಡ ಒಂದೇ ಥರ ಇರಲ್ಲ, ಮಳೆ ಒಂದೇ ಥರ ಇರಲ್ಲ, ಹಾಲು ತೆಗೆಯುವ ಕೈ ಒಂದೇ ಥರ ಇರಲ್ಲ. ಡ್ರಮ್ ಮಾತ್ರ ಒಂದೇ ಥರ ಇರಬೇಕು. ಇದಕ್ಕೆ ವಿಜ್ಞಾನ ಬೇಡವಾ?

ರಾತ್ರಿ ಪಾಳಿ

ನಾನು ಈಗ ಇರುವುದು ಬೆಂಗಳೂರಿನಲ್ಲಿ, ಬೊಮ್ಮಸಂದ್ರದ ಆಚೆ. ನಮ್ಮ ಪ್ಲಾಂಟಿನಲ್ಲಿ ಚೋ ಸೆಲ್‌ಗಳಿಂದ ಆ್ಯಂಟಿಬಾಡಿ ಔಷಧ ತಯಾರಾಗುತ್ತೆ. ಚೈನೀಸ್ ಹ್ಯಾಮ್‌ಸ್ಟರ್ ಅನ್ನೋ ಸಣ್ಣ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಬೇರೆ ಮಾಡಿದ ಜೀವಕೋಶಗಳ ಸಂತತಿ ಇದು. ಇವತ್ತಿಗೂ ಬದುಕಿದೆ, ಇವತ್ತಿಗೂ ದುಡಿಯುತ್ತಿದೆ. ದ್ರವ ಸಾರಜನಕದಲ್ಲಿ ಮಲಗಿರುವ ಬೆರಳುದ್ದದ ಒಂದು ವಯಲ್ ತೆಗೆದು ಕರಗಿಸುತ್ತೇವೆ. ಫ್ಲಾಸ್ಕಿಗೆ, ಅಲ್ಲಿಂದ ದೊಡ್ಡ ಫ್ಲಾಸ್ಕಿಗೆ, ಅಲ್ಲಿಂದ ಸಣ್ಣ ರಿಯಾಕ್ಟರ್‌ಗೆ, ಅಂದರೆ ಸೆಲ್ ಬೆಳೆಸುವ ಟ್ಯಾಂಕಿಗೆ. ಸೆಲ್‌ಗಳು ಸುಮಾರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ವಾರಗಳ ನಂತರ ಸಾವಿರಾರು ಲೀಟರಿನ ಟ್ಯಾಂಕಿಗೆ ಬರುತ್ತವೆ. ಅಲ್ಲಿ ಇನ್ನೂ ಎರಡು ವಾರದ ಹತ್ತಿರ. ಒಂದು ಬ್ಯಾಚ್ ಕೆಟ್ಟರೆ ಹೋಗೋದು ಬರೀ ದುಡ್ಡಲ್ಲ, ಅಷ್ಟು ಜನರ ಅಷ್ಟು ವಾರದ ದುಡಿಮೆ.

ಸೇರಿದ ಹೊಸದರಲ್ಲಿ ನನ್ನನ್ನು ಒಬ್ಬ ಸೀನಿಯರ್ ಆಪರೇಟರ್ ಜೊತೆ ರಾತ್ರಿ ಪಾಳಿಗೆ ಹಾಕಿದ್ದರು. ಚನ್ನರಾಯಪಟ್ಟಣದ ಕಡೆಯವರು, ಡಿಪ್ಲೊಮಾ ಓದಿದವರು. ನಾನು ಎಂ.ಎಸ್ಸಿ. ಅಮ್ಮನಿಗೆ ರಾತ್ರಿ ಪಾಳಿ ಅಂದರೇನೇ ದಿಗಿಲು. ಕಂಪನಿ ಕ್ಯಾಬ್ ಬಂದು ಪಿಜಿ ಬಾಗಿಲಿಗೇ ಬಿಡುತ್ತೆ ಅಂತ ಎಷ್ಟು ಹೇಳಿದರೂ ಬೆಳಿಗ್ಗೆ ಫೋನ್ ಬರೋವರೆಗೆ ಮಲಗ್ತಿರಲಿಲ್ಲ. ಒಂದು ರಾತ್ರಿ ಎರಡೂವರೆಗೆ ರಿಯಾಕ್ಟರ್‌ನಿಂದ ಸ್ಯಾಂಪಲ್ ತೆಗೀಬೇಕಿತ್ತು. ಹತ್ತು ನಿಮಿಷ ಆಚೆ ಈಚೆ ಆದರೆ ನಡೆಯುತ್ತೆ, ಅದಕ್ಕಿಂತ ಜಾಸ್ತಿ ಇಲ್ಲ. ಅದೇ ಹೊತ್ತಿಗೆ ಪಕ್ಕದ ರೂಮಿನಲ್ಲಿ ಒಂದು ಅಲಾರಂ ಹೊಡೆದುಕೊಂಡಿತು. ಆ ಆಪರೇಟರ್ ಅದನ್ನು ನೋಡಿ, ಮತ್ತೆ ಗೌನ್ ಬದಲಾಯಿಸಿ, ಕೈಗೆ ಹೊಸ ಗ್ಲೌಸ್ ಹಾಕಿ ಬರುವಷ್ಟರಲ್ಲಿ ತಡವಾಯಿತು. ಸ್ಯಾಂಪಲ್ ತೆಗೆದಾಗ ಗೋಡೆ ಗಡಿಯಾರ 2:52 ತೋರಿಸ್ತಿತ್ತು.

ಬ್ಯಾಚ್‌ನ ಪ್ರತಿ ಹೆಜ್ಜೆಯನ್ನೂ ಬರೆದಿಡುವ ಬ್ಯಾಚ್ ರೆಕಾರ್ಡ್ ಮುಂದಿತ್ತು. ಸಮಯ ಅಂತ ಒಂದು ಖಾಲಿ ಚೌಕ. ಕ್ಲೀನ್ ರೂಮಿನಲ್ಲಿ ನಾವಿಬ್ಬರೇ. ಅವರು ನೀಲಿ ಪೆನ್ ತೆಗೆದು 2:52 ಅಂತ ಬರೆದರು, ಪಕ್ಕದಲ್ಲಿ ಸಹಿ, ತಾರೀಖು. ಒಂದು ಕ್ಷಣವೂ ಯೋಚಿಸಲಿಲ್ಲ. ಆಮೇಲೆ ಸೂಪರ್‌ವೈಸರ್‌ಗೆ ಫೋನ್ ಮಾಡಿ "ಸಾರ್, ಟೈಮ್ ದಾಟಿದೆ, ಡೀವಿಯೇಶನ್ ಎತ್ತಬೇಕು" ಅಂದರು. ಡೀವಿಯೇಶನ್ ಅಂದರೆ ಮಾರನೇ ದಿನದಿಂದ ವಿಚಾರಣೆ. ಯಾಕೆ ತಡವಾಯಿತು, ಬ್ಯಾಚ್ ಮೇಲೆ ಪರಿಣಾಮ ಏನು, ಮುಂದೆ ಹೀಗಾಗದ ಹಾಗೆ ಏನು ಮಾಡ್ತೀರಿ ಅಂತ ಪುಟಗಟ್ಟಲೆ ಬರೆಯೋದು. ಅವರಿಗೇ ಕೆಲಸ ಜಾಸ್ತಿ. ನಾನು ಕೇಳಿಯೇಬಿಟ್ಟೆ, ಇಪ್ಪತ್ತೆರಡು ನಿಮಿಷಕ್ಕೆ ಸೆಲ್‌ಗಳಿಗೆ ಏನಾಗುತ್ತೆ ಅಣ್ಣಾ ಅಂತ.

"ಏನೂ ಆಗ್ದೇ ಇರಬಹುದು. ಆದ್ರೆ ನಾಳೆ ಈ ಬ್ಯಾಚಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಕಾರಣ ಹುಡುಕೋರು ಈ ಟೈಮ್ ನಂಬ್ಕೊಂಡು ಹುಡುಕ್ತಾರೆ ಕಣಮ್ಮ. ನಾನು ಸುಳ್ಳು ಬರೆದ್ರೆ ಅವರು ತಪ್ಪು ದಾರೀಲಿ ಹೋಗ್ತಾರೆ."

ಆ ಬ್ಯಾಚ್‌ಗೆ ಏನೂ ಆಗಲಿಲ್ಲ. ವಿಚಾರಣೆ ಮುಗಿದು ರಿಲೀಸ್ ಆಯಿತು. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ವಿಜ್ಞಾನ ಅಂದರೆ ಏನು ಅಂತ ಅಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಡೆ ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವ ರೀತಿ ನೆನಪಿಸಿಕೊಳ್ಳಿ. ಲ್ಯಾಬಿನಲ್ಲಿ ಒಂದು ರಫ್ ಪುಸ್ತಕ ಇರುತ್ತೆ. ಅದರಲ್ಲಿ ಗೀಚಿದ ರೀಡಿಂಗ್, ಆಸಿಡ್ ಬಿದ್ದ ಕಲೆ, ಹೊಡೆದು ಹಾಕಿದ ಅಂಕಿ. ಸೆಮಿಸ್ಟರ್ ಕೊನೆಗೆ ಅದನ್ನೆಲ್ಲ ಫೇರ್ ರೆಕಾರ್ಡಿಗೆ ಚೆಂದವಾಗಿ ಇಳಿಸುತ್ತಾರೆ. ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ವಿಧಾನ, ಕೊನೆಗೆ ಸರಿಯಾಗಿ ಬಂದ ಉತ್ತರ. ಮಾರ್ಕ್ಸ್ ಫೇರ್ ಪುಸ್ತಕಕ್ಕೆ. ರಫ್ ಪುಸ್ತಕ ರದ್ದಿಗೆ. ಎಲ್ಲ ಕಡೆಯೂ ಇದೇ ರೂಢಿ, ಒಂದು ಕಾಲೇಜಿನ ಮಾತಲ್ಲ. ಔಷಧ ತಯಾರಿಸುವ ಕಡೆ ಇದು ತಲೆಕೆಳಗು. ಅಲ್ಲಿ ರಫ್ ಪುಸ್ತಕವೇ ಅಸಲು. ಕೆಲಸ ಮಾಡಿದ ಹೊತ್ತಿನಲ್ಲೇ ಬರೀಬೇಕು, ಮಾಡಿದವರೇ ಬರೀಬೇಕು. ತಪ್ಪಾದರೆ ಒಂದೇ ಒಂದು ಗೆರೆ ಎಳೆದು, ಕೆಳಗಿನ ಅಂಕಿ ಓದುವ ಹಾಗೇ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ವೈಟ್ನರ್ ಒಳಗೆ ತರೋ ಹಾಗೇ ಇಲ್ಲ. ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಕಾಪಿ ಮಾಡಿದರೆ ಅದು ದೊಡ್ಡ ಅಪರಾಧ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ ಬರುವ ಇನ್‌ಸ್ಪೆಕ್ಟರ್‌ಗಳು ಕಸದ ಬುಟ್ಟಿಯಲ್ಲಿ ಕೂಡ ಹರಿದ ಚೀಟಿ ಇದೆಯಾ ಅಂತ ನೋಡ್ತಾರೆ.

ಹೊಸಬರಿಗೆ ಕಂಪನಿಯಲ್ಲಿ ಕಷ್ಟ ಆಗೋದು ಇಲ್ಲೇ. ಪಿಸಿಆರ್ ಗೊತ್ತಿಲ್ಲ, ಎಚ್‌ಪಿಎಲ್‌ಸಿ ಮುಟ್ಟಿಲ್ಲ ಅಂತ ನಮ್ಮ ಮಕ್ಕಳು ಹೆದರುತ್ತಾರೆ. ಯಂತ್ರ ಕಲಿಯೋಕೆ ಕೆಲವು ತಿಂಗಳು ಸಾಕು. ಕಂಡದ್ದನ್ನು ಕಂಡ ಹಾಗೆ, ಆಗಲೇ, ಅಲ್ಲೇ ಬರೆಯುವ ಅಭ್ಯಾಸಕ್ಕೆ ತುಂಬಾ ಕಾಲ ಬೇಕು.

ಮನೆಯಲ್ಲಿ ಈ ಕೆಲಸ ಥಟ್ ಅಂತ ಅರ್ಥವಾದದ್ದು ಅಪ್ಪನಿಗೆ. ಅವರು ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ಚೀಲಗಳು ತಕ್ಕಡಿ ಮುಂದೆ ಸಾಲುಗಟ್ಟುತ್ತಿದ್ದವು. ಒಬ್ಬೊಬ್ಬ ಆಳಿನ ಹೆಸರು, ಕಿಲೋ, ತೂಗಿದ ಕೂಡಲೇ ಪುಸ್ತಕಕ್ಕೆ. "ಆಮೇಲೆ ಬರೀತೀನಿ ಅಂದ್ರೆ ಮುಗೀತು. ಕೊಯ್ದವರ ಕೂಲಿ ಅದರ ಮೇಲೇ ನಿಂತಿರೋದು" ಅಂದರು. ಬ್ಯಾಚ್ ರೆಕಾರ್ಡ್ ಬಗ್ಗೆ ನಾನು ಮತ್ತೇನೂ ವಿವರಿಸಬೇಕಾಗಲಿಲ್ಲ.

ಅತ್ತೆಯ ಫ್ರಿಜ್ಜು

ನಮ್ಮ ಸೋದರತ್ತೆ ಹೊಳೆನರಸೀಪುರದಲ್ಲಿದ್ದಾರೆ. ದಿನಾ ಎರಡು ಹೊತ್ತು ಇನ್ಸುಲಿನ್. ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆ ಡಬ್ಬದ ಪಕ್ಕ ವಯಲ್ ಇಟ್ಟಿರುತ್ತಾರೆ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನದೂ ಸಿಗುತ್ತೆ, 100 ಯೂನಿಟ್ಟಿನದೂ ಸಿಗುತ್ತೆ. ಸಿರಿಂಜೂ ಬೇರೆ ಬೇರೆ. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು, ಆದರೆ ಸಿರಿಂಜಿನ ಕ್ಯಾಪಿನ ಬಣ್ಣ ನೋಡಿಯೇ ಹೇಳ್ತಾರೆ, ಇದು ನಲವತ್ತರದು, ಇದು ನೂರರದು ಅಂತ. ಹಿಂದೆ ಹಂದಿ, ದನದ ಮೇದೋಜೀರಕದಿಂದ ತೆಗೆಯುತ್ತಿದ್ದ ಈ ಔಷಧವನ್ನು ಬ್ಯಾಕ್ಟೀರಿಯಾದೊಳಗೆ ಮನುಷ್ಯರ ಜೀನ್ ಇಟ್ಟು ತಯಾರಿಸಿ, 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದರು. ಆ ಸಂಶೋಧನೆಯ ಹೆಸರು ನಮ್ಮ ಪಠ್ಯದಲ್ಲಿ ಇದೆ. ಎಲ್ಲರೂ ಓದಿದ್ದೇವೆ.

ಅತ್ತೆಗೆ ಬೇಕಿರೋದು ಅದಲ್ಲ. ಹೋದ ತಿಂಗಳ ವಯಲ್‌ನಲ್ಲಿ ಹತ್ತು ಯೂನಿಟ್ ಅಂದರೆ ಎಷ್ಟೋ, ಈ ತಿಂಗಳದರಲ್ಲೂ ಅಷ್ಟೇ ಇರಬೇಕು. ಕಮ್ಮಿ ಇದ್ದರೆ ಸಕ್ಕರೆ ಏರುತ್ತೆ. ಜಾಸ್ತಿ ಇದ್ದರೆ ಬೆಳಗಿನ ಜಾವ ಬೆವತು ತಲೆಸುತ್ತಿ ಬೀಳ್ತಾರೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾನು ಇನ್ಸುಲಿನ್ ತಯಾರಿಸುವ ಕಡೆ ಕೆಲಸ ಮಾಡಲ್ಲ. ಆದರೂ ರೆಕಾರ್ಡಿನಲ್ಲಿ ಒಂದು ಅಂಕಿ ಬರೆಯುವಾಗ ಎಷ್ಟೋ ಸಲ ನನಗೆ ಆ ಫ್ರಿಜ್ಜಿನ ಬಾಗಿಲು ಕಣ್ಣಿಗೆ ಬರುತ್ತೆ. ಇದನ್ನ ಬರೀ ನೌಕರಿ ಅನ್ನೋಕೆ ನನ್ನಿಂದ ಆಗಲ್ಲ.

ಫೋನ್ ಮಾಡುವವರಿಗೆ

ಪಿಎಚ್.ಡಿ ಬೇಡ ಅಂತ ನಾನು ಯಾರಿಗೂ ಹೇಳಲ್ಲ. ಒಂದು ಪ್ರಶ್ನೆ ತಲೆಯಲ್ಲಿ ಹೊಕ್ಕು ನಿದ್ದೆ ಕೆಡಿಸ್ತಿದೆ ಅಂದರೆ ಅದನ್ನು ಹಿಡಿದು ಹೋಗಿ. ಪಿಎಚ್.ಡಿ ಮಾಡುವವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಕಂಪನಿಯಲ್ಲಿ ಫ್ರೆಶರ್‌ಗೆ ಸಿಗುವ ಮೊದಲ ಸಂಬಳ ಅದಕ್ಕಿಂತ ಕಮ್ಮಿ ಇರೋದು ಮಾಮೂಲು. ಕಂಪನಿಗಳ ಆರ್ ಆ್ಯಂಡ್ ಡಿ ವಿಭಾಗಕ್ಕೂ ಪಿಎಚ್.ಡಿ ಆದವರು ಬೇಕು. ನಾನು ಹೇಳೋದು ಇಷ್ಟೇ, ಮನೆಯವರಿಗೆ ಹೆಮ್ಮೆ ಅಂತಲೋ, ಬೇರೆ ದಾರಿ ಕಾಣಲಿಲ್ಲ ಅಂತಲೋ ಐದಾರು ವರ್ಷ ಸವೆಸಬೇಡಿ.

ದಾರಿಗಳಂತೂ ಇವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪರವಾಗಿ ಬಿಸಿಐಎಲ್ (ಬಯೋಟೆಕ್ ಕನ್ಸಾರ್ಷಿಯಂ ಇಂಡಿಯಾ ಲಿಮಿಟೆಡ್) ನಡೆಸಿಕೊಂಡು ಬಂದ ತರಬೇತಿಯಲ್ಲಿ ಆರು ತಿಂಗಳು ಕಂಪನಿಯೊಳಗೇ ಸ್ಟೈಪೆಂಡ್ ಕೊಟ್ಟು ಕಲಿಸ್ತಾ ಬಂದಿದ್ದಾರೆ. ನಮ್ಮ ರಾಜ್ಯ ಸರ್ಕಾರ ಬಯೋಟೆಕ್ ಫಿನಿಶಿಂಗ್ ಸ್ಕೂಲ್ ಅಂತ ಕೋರ್ಸ್ ಶುರು ಮಾಡಿದ್ದೂ ಓದಿಗೂ ಕೆಲಸಕ್ಕೂ ನಡುವಿನ ಈ ಕಂದಕ ಮುಚ್ಚೋಕೇ. ಇಂಥದ್ದಕ್ಕೆ ಅರ್ಜಿ ಹಾಕಿ. ಕೆಲಸ ಕೊಡಿಸ್ತೀವಿ ಅಂತ ದುಡ್ಡು ಕೇಳುವ ಕನ್ಸಲ್ಟೆನ್ಸಿಗಳ ಹತ್ತಿರ ಮಾತ್ರ ಸುಳಿಯಬೇಡಿ. ಸರಿಯಾದ ಕಂಪನಿ ಯಾವುದೂ ಕೆಲಸಕ್ಕೆ ದುಡ್ಡು ಕೇಳಲ್ಲ.

ಇಂಟರ್‌ವ್ಯೂಗೆ ಕೂತಾಗ ನಾನು ಕೇಳೋದು ಸಣ್ಣ ಪ್ರಶ್ನೆಗಳು. ಪಿಎಚ್ ಮೀಟರ್ ಕ್ಯಾಲಿಬ್ರೇಟ್ ಮಾಡಿದ್ದೀಯಾ, ಯಾವ ಬಫರ್‌ಗಳಿಂದ? ನಿನ್ನ ಪ್ರಾಜೆಕ್ಟಿನಲ್ಲಿ ನೆಗೆಟಿವ್ ಕಂಟ್ರೋಲ್ (ಏನೂ ಬೆಳೆಯಬಾರದ, ಹೋಲಿಕೆಗೆ ಇಡುವ ಪ್ಲೇಟ್) ಏನಿಟ್ಟಿದ್ದೆ? ಅದರಲ್ಲೂ ಬೆಳವಣಿಗೆ ಕಂಡಿದ್ದರೆ ಏನು ಮಾಡ್ತಿದ್ದೆ? ಕೊನೆಯ ಪ್ರಶ್ನೆಗೆ "ಪ್ಲೇಟ್ ಎಸೆದು ಮತ್ತೆ ಹಾಕ್ತಿದ್ದೆ" ಅನ್ನೋರು ಜಾಸ್ತಿ. "ಯಾಕೆ ಬಂತು ಅಂತ ನೋಡ್ತಿದ್ದೆ, ಬರೆದಿಡ್ತಿದ್ದೆ" ಅನ್ನೋರು ಕಮ್ಮಿ. ಹಾಗಂದ ಹುಡುಗಿಯೊಬ್ಬಳನ್ನು ಮೊನ್ನೆ ತಗೊಂಡೆವು. ಇಂಗ್ಲಿಷ್ ತಡವರಿಸ್ತಿತ್ತು. ಅದು ಅಡ್ಡಿಯಾಗಲಿಲ್ಲ.

ಕಳೆದುಕೊಂಡದ್ದೂ ಇದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಇವತ್ತು ಒಂದು ಯೋಚನೆ ಹೊಳೆಯಿತು, ನಾಳೆ ಮಾಡಿ ನೋಡೋಣ ಅನ್ನೋ ಸುಖ ಪ್ಲಾಂಟಿನಲ್ಲಿ ಇಲ್ಲ. ಒಂದು ವಾಲ್ವ್ ಬದಲಾಯಿಸಬೇಕಾದರೂ ಚೇಂಜ್ ಕಂಟ್ರೋಲ್ ಅನ್ನೋ ಅನುಮತಿ ಬೇಕು, ಅದಕ್ಕೆ ಏಳೆಂಟು ಸಹಿ. ಆ ಶುಂಠಿ ಕೊಳೆಯ ಪ್ರಶ್ನೆ ನನ್ನಲ್ಲಿ ಹಾಗೇ ಉಳಿದಿದೆ. ಅದನ್ನು ಮುಂದುವರಿಸೋಕೆ ಈಗ ನನ್ನ ಹತ್ತಿರ ಜಾಗವೂ ಇಲ್ಲ, ಹೊತ್ತೂ ಇಲ್ಲ. ಬೇಜಾರಾಗುತ್ತೆ.

ಆದರೆ ಕುತೂಹಲ ಅಲ್ಲಿ ಸತ್ತುಹೋಗುತ್ತೆ ಅನ್ನೋದು ಸುಳ್ಳು. ನಮ್ಮಲ್ಲಿ ಎಸ್‌ಒಪಿ, ಅಂದರೆ ಕೆಲಸ ಹೇಗೆ ಮಾಡಬೇಕು ಅನ್ನೋ ಸೂಚನೆ, ಎಲ್ಲ ಇಂಗ್ಲಿಷಿನಲ್ಲಿ ಇರುತ್ತೆ. ಅದನ್ನು ಆಪರೇಟರ್‌ಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ಈಗ ನನ್ನದು. ಹೋದ ತಿಂಗಳು ರಿಯಾಕ್ಟರ್‌ಗೆ ಗಾಳಿ ಬಿಡುವ ವಿಧಾನದ ತರಬೇತಿ. ಗಾಳಿ ಯಾಕೆ ಮನಸ್ಸಿಗೆ ಬಂದಷ್ಟು ಜಾಸ್ತಿ ಮಾಡಬಾರದು ಅಂತ ಒಬ್ಬ ಹುಡುಗ ಕೇಳಿದ. ಐಟಿಐ ಓದಿದವನು, ಅರಕಲಗೂಡಿನವನು. ಬ್ಯಾಕ್ಟೀರಿಯಾಕ್ಕೆ ಇರುವ ಹಾಗೆ ಈ ಸೆಲ್‌ಗಳಿಗೆ ಗಟ್ಟಿ ಗೋಡೆ ಇಲ್ಲ, ಮೇಲೆ ಬಂದ ಗುಳ್ಳೆ ಒಡೆಯುವಾಗ ಆ ಹೊಡೆತಕ್ಕೆ ಪಕ್ಕದ ಸೆಲ್‌ಗಳು ಹರಿದು ಹೋಗುತ್ತವೆ, ಅದಕ್ಕೇ ಸೆಲ್ ಬೆಳೆಯುವ ದ್ರವದಲ್ಲಿ ಪ್ಲೂರಾನಿಕ್ ಅನ್ನೋ ರಾಸಾಯನಿಕ ಹಾಕಿ ಕಾಪಾಡೋದು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಹಾಗಾದ್ರೆ ಮೇಡಂ, ಗುಳ್ಳೆ ಚಿಕ್ಕದಿದ್ರೆ ಒಳ್ಳೇದಾ, ದೊಡ್ಡದಿದ್ರೆ ಒಳ್ಳೇದಾ?"

ಈ ಕ್ಷೇತ್ರದ ಎಂಜಿನಿಯರ್‌ಗಳು ತಲೆ ಕೆಡಿಸಿಕೊಂಡ ಪ್ರಶ್ನೆ ಅದು. ಚಿಕ್ಕ ಗುಳ್ಳೆಯಿಂದ ಆಮ್ಲಜನಕ ಚೆನ್ನಾಗಿ ಕರಗುತ್ತೆ, ಆದರೆ ಒಡೆಯುವಾಗ ಪೆಟ್ಟು ಜೋರು. ದೊಡ್ಡ ಗುಳ್ಳೆಯಿಂದ ಪೆಟ್ಟು ಕಮ್ಮಿ, ಸೆಲ್‌ಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಹೊತ್ತೊಯ್ಯುತ್ತೆ, ಆದರೆ ಆಮ್ಲಜನಕ ಸಾಲಲ್ಲ. ಬೋರ್ಡಿನ ಮೇಲೆ ಎರಡೂ ಬರೆದೆ. ನಮ್ಮ ಟ್ಯಾಂಕಿನಲ್ಲಿ ಯಾವುದು ಇದೆ ಅಂತ ಇನ್ನೊಬ್ಬ ಕೇಳಿದ. ಊಟದ ಬೆಲ್ ಆಯಿತು, ಆದರೂ ಯಾರೂ ಏಳಲಿಲ್ಲ. ಡ್ರಾಯಿಂಗ್ ತರಿಸಿ, ಗಾಳಿ ಬಿಡುವ ಸ್ಪಾರ್ಜರ್‌ನ ತೂತು ಎಷ್ಟು ಮೈಕ್ರಾನ್ ಅಂತ ಎಲ್ಲರೂ ಸೇರಿ ನೋಡೋಕೆ ಶುರು ಮಾಡಿದೆವು.